ಮಾತು ಬಿಟ್ಟವರಿಗೊಂದು ರೇಡಿಯೊ

ಯಾರದಾದರೂ ಮನೆಗೆ ಹೋದರೆ ನಾವು ನೀವೆಲ್ಲ ಮೊದಲು ಕೇಳುವುದು, 'ಎಲ್ಲಾರೂ ಆರಾಮ ಅದೀರೇನ್ರಿ?' ಎಂದು. ಚನ್ನಕ್ಕಾರು ಮಾತ್ರ ಹೊಸ್ತಿಲು ದಾಟುವ ಮೊದಲೇ, "ನಿಮ್ಮ ರೇಡಿಯೊ ಆರಾಮ ಐತೇನ್ರಿ?" ಎನ್ನುತ್ತಿದ್ದರು. ಮನೆಯವರ ಆರೋಗ್ಯ ಆಮೇಲೆ. ರೇಡಿಯೊ ಕೆಟ್ಟಿದೆ ಎಂದರೆ ಅವರ ಮುಖ ನೋಡಬೇಕಿತ್ತು. ಆ ಮನೆಯಲ್ಲಿ ಯಾರೋ ಹಾಸಿಗೆ ಹಿಡಿದಿದ್ದಾರೆ ಎಂಬಂತೆ ಸೆರಗನ್ನು ಬಾಯಿಗೆ ಹಿಡಿದು, "ಅಯ್ಯ, ಯಾವಾಗಿಂದ?" ಎಂದು ಅಲ್ಲೇ ಕುಳಿತುಬಿಡುತ್ತಿದ್ದರು. ರಿಪೇರಿಗೆ ಕೊಟ್ಟಿದ್ದೀರೋ ಇಲ್ಲವೋ, ಯಾರಿಗೆ ಕೊಟ್ಟಿದ್ದೀರಿ, ಯಾವತ್ತು ಕೊಡುತ್ತಾನಂತೆ ಎಂಬುದೆಲ್ಲ ಗೊತ್ತಾಗುವ ತನಕ ಅವರಿಗೆ ಚಹಾ ಇಳಿಯುತ್ತಿರಲಿಲ್ಲ.

ನಾವು ನವನಗರಕ್ಕೆ ಬಾಡಿಗೆಗೆ ಬಂದದ್ದು ತೊಂಬತ್ತರ ದಶಕದ ಮೊದಲಲ್ಲಿ. ನಾನು ಹುಬ್ಬಳ್ಳಿಯ ಕಚೇರಿಯೊಂದರಲ್ಲಿ ಟೈಪಿಸ್ಟ್, ನನ್ನವರಿಗೆ ಧಾರವಾಡದಲ್ಲಿ ನೌಕರಿ. ಇಬ್ಬರಿಗೂ ಹತ್ತಿರವಾಗಲೆಂದು ನಡುವೆ ಮನೆ ಹಿಡಿದೆವು. ಇಬ್ಬರಿಗೂ ಅಷ್ಟೇ ದೂರವಾಯಿತು. ಟೆಂಪೊದಿಂದ ಸಾಮಾನು ಇಳಿಸುತ್ತಿದ್ದಾಗ ಎದುರು ಮನೆಯಿಂದ ಒಬ್ಬ ಹೆಂಗಸು ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರಲ್ಲಿ ಚುರುಮುರಿಯ ತಾಟು ಹಿಡಿದು ಬಂದರು. ಹಣೆಯಲ್ಲಿ ವಿಭೂತಿ, ಮೈಮೇಲೆ ಇಳಕಲ್ ಸೀರೆ, ಐವತ್ತರ ಆಸುಪಾಸು, ಓಣಿಯ ಆ ತುದಿಗೆ ಕೇಳುವ ದನಿ. ನೀರು ಕೊಟ್ಟು ಕೇಳಿದ ಮೊದಲ ಪ್ರಶ್ನೆ ರೇಡಿಯೊದ್ದೇ. ನಮ್ಮದು ಎರಡು ತಲೆದಿಂಬಿನ ನಡುವೆ ಸುರಕ್ಷಿತವಾಗಿತ್ತು. ಅದನ್ನು ತೋರಿಸಿದಾಗ, "ಛಲೋ ಮಂದಿ ಬಂದ್ರಿ" ಎಂದು ಗಂಡನಿಗೆ ಕೂಗಿ ಹೇಳಿದರು. ಗಂಡ ಈರಪ್ಪನವರು ಹತ್ತಿ ದಲಾಲರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಮಾತು ಬಹಳ ಕಡಿಮೆ. ಅವರು ಪೇಪರಿನ ಮೇಲಿಂದ ಒಮ್ಮೆ ನಮ್ಮನ್ನು ನೋಡಿ ತಲೆಯಾಡಿಸಿದರು. ಆ ಮನೆಯಲ್ಲಿ ಒಬ್ಬರು ಆಡಿದರೆ ಇಬ್ಬರದೂ ಆದಂತೆ ಎಂದು ನನಗೆ ಅಂದೇ ಅರ್ಥವಾಯಿತು.

ಇಷ್ಟೊಂದು ರೇಡಿಯೊ ಹುಚ್ಚು ಏಕೆ ಎಂದು ತಿಳಿಯಲು ನನಗೆ ಕೆಲವು ತಿಂಗಳು ಹಿಡಿಯಿತು. ಹಾಡಿನ ಮೋಹ ಎಂದುಕೊಂಡಿದ್ದೆ. ಚನ್ನಕ್ಕಾರಿಗೆ ಹಾಡಿನ ಗಂಧವೇ ಇರಲಿಲ್ಲ. ಅವರು ಕಾಯುತ್ತಿದ್ದದ್ದು ಹಾಡಿಗಿಂತ ಮೊದಲು ಓದುವ ಹೆಸರುಗಳಿಗೆ. ಆಗ ಧಾರವಾಡ ಸ್ಟೇಶನ್‌ನಿಂದ ಮಧ್ಯಾಹ್ನ ಕೇಳುಗರ ಕೋರಿಕೆಯ ಚಿತ್ರಗೀತೆಗಳು ಬರುತ್ತಿದ್ದವು. ಕಾರ್ಡು ಬರೆದು ಹಾಕಿದರೆ ಹಾಡಿನ ಜೊತೆ ಕೋರಿದವರ ಹೆಸರನ್ನೂ ಓದುತ್ತಿದ್ದರು. ಜನ ತಮ್ಮ ಹೆಸರು, ಮಕ್ಕಳ ಹೆಸರು, ತೊಟ್ಟಿಲಲ್ಲಿದ್ದ ಕೂಸಿನ ಹೆಸರು ಎಲ್ಲ ತುಂಬಿ ಕಳಿಸುತ್ತಿದ್ದರು. ಚನ್ನಕ್ಕಾರು ಬರೆಯುತ್ತಿದ್ದದ್ದು ಬೇರೆಯವರ ಹೆಸರು. ಓಣಿಯಲ್ಲಿ ಯಾರಿಬ್ಬರು ಮಾತು ಬಿಟ್ಟಿದ್ದಾರೋ ಅವರ ಹೆಸರುಗಳನ್ನು ಒಂದರ ಪಕ್ಕ ಒಂದು ಬರೆದು, ತಮ್ಮ ಹೆಸರು ಹಾಕದೆ, ಪೋಸ್ಟಿನ ಡಬ್ಬಿಗೆ ಹಾಕಿ ಬರುತ್ತಿದ್ದರು.

ಇದು ನನಗೆ ತಿಳಿದದ್ದು ನನ್ನ ತಲೆಯ ಮೇಲೆಯೇ ಬಿದ್ದಾಗ. ನನ್ನ ಅತ್ತೆ ಗುರವ್ವ ಬೈಲಹೊಂಗಲದಿಂದ ನಮ್ಮಲ್ಲಿಗೆ ಬಂದಿದ್ದರು. ಕಚೇರಿಯ ಗಡಿಬಿಡಿಯಲ್ಲಿ ನಾನು ಅಂಗಡಿಯಿಂದ ಖಡಕ್ ರೊಟ್ಟಿ ತಂದದ್ದು ಅವರ ಕಣ್ಣಿಗೆ ಬಿತ್ತು. ಅಂಗಡಿ ರೊಟ್ಟಿ ತಿನ್ನುವುದಕ್ಕಿಂತ ಉಪವಾಸ ಲೇಸು ಎಂದರು. ನಾನೂ ಸುಮ್ಮನಿರುವವಳಲ್ಲ, ಹಾಗಾದರೆ ಉಪವಾಸಕ್ಕೆ ಏನು ಪಲ್ಯ ಮಾಡಲಿ ಎಂದು ಕೇಳಿಬಿಟ್ಟೆ. ಅಲ್ಲಿಗೆ ಮಾತು ನಿಂತಿತು. ನಾನು ಎದುರಿಗೇ ಕುಳಿತಿರುವಾಗ ಅತ್ತೆ ಮಗನಿಗೆ ಹೇಳುವರು, "ನಿನ್ನ ಹೇಂತಿಗೆ ಹೇಳು, ಸಾರಿನಾಗ ಉಪ್ಪಿಲ್ಲಂತ." ನಾನು ಹೇಳುವೆ, "ನಿಮ್ಮ ಅವ್ವಾರಿಗೆ ಹೇಳ್ರಿ, ಉಪ್ಪಿನ ಡಬ್ಬಿ ಅವರ ಬಾಜೂಕ ಐತಿ ಅಂತ." ನನ್ನವರು ನಡುವೆ ಕುಳಿತು ಯಾರಿಗೂ ಏನೂ ಹೇಳದೆ ಉಪ್ಪಿಲ್ಲದ ಸಾರು ಉಣ್ಣುತ್ತಿದ್ದರು.

ಒಂದು ರವಿವಾರ ಮಧ್ಯಾಹ್ನ ಇಬ್ಬರೂ ಬೆನ್ನು ತಿರುಗಿಸಿ ಕಾಳು ಹಸನು ಮಾಡುತ್ತಿದ್ದೆವು. ರೇಡಿಯೊದ ಹೆಣ್ಣುಮಗಳು ಮಧುರವಾಗಿ ಓದಿದಳು: "ಈ ಗೀತೆಯನ್ನು ಕೋರಿದವರು, ನವನಗರದಿಂದ ಶ್ರೀಮತಿ ಗುರವ್ವ ಮತ್ತು ಅವರ ಸೊಸೆ ಸುಮಿತ್ರಾ." ನನ್ನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಅತ್ತೆ ಕಾರ್ಡು ಹಾಕಿದ್ದಾರೆ, ಅಷ್ಟರಮಟ್ಟಿಗೆ ಇಳಿದು ಬಂದಿದ್ದಾರೆ ಎಂದುಕೊಂಡೆ. ಅತ್ತೆ ನಿಧಾನವಾಗಿ ನನ್ನ ಕಡೆ ತಿರುಗಿದರು.

"ನನ್ನ ಹೆಸರು ಮೊದಲ ಹಾಕೀದಿ" ಎಂದರು. "ಅಷ್ಟರ ಬುದ್ಧಿ ಐತಿ ನಿನಗ. ಮುಂಚೆ ಹೇಳಿದ್ರ ಬೈಲಹೊಂಗಲಕ್ಕ ತಿಳಸ್ತಿದ್ದೆ, ಮಂದಿ ಕೇಳ್ತಿದ್ರು."

ನಾನು ಬಾಯಿ ಮುಚ್ಚಿಕೊಂಡು ಚಹಾ ಇಟ್ಟೆ. ಮರುದಿನ ಅತ್ತೆ ತಾವೇ ಅಂಗಡಿಗೆ ಹೋಗಿ ಖಡಕ್ ರೊಟ್ಟಿ ತಂದರು. ಅದೂ ನನಗಿಂತ ಚೌಕಾಶಿ ಮಾಡಿ.

ಅವರು ಊರಿಗೆ ಹೋದ ಮೇಲೆ ನಾನು ಚನ್ನಕ್ಕಾರ ಅಡುಗೆಮನೆಗೆ ನುಗ್ಗಿ ಕೇಳಿದೆ. ಅವರು ಅಲ್ಲಗಳೆಯಲಿಲ್ಲ. "ಅತ್ತಿ ಅಂದ್ಕೋತಾಳ, ಸೊಸಿ ಸೋತಳು. ಸೊಸಿ ಅಂದ್ಕೋತಾಳ, ಅತ್ತಿ ಸೋತಳು. ಇಬ್ರೂ ಗೆದ್ದಮ್ಯಾಲ ಜಗಳಾ ಯಾಕ ಮಾಡ್ತೀರಿ?"

"ಆದ್ರ ಅಕ್ಕಾರ, ಕಾರ್ಡು ಹಾಕಿ ಓದೂದರಾಗ ತಿಂಗಳಾನಗಟ್ಟಲೆ ಆಗತೈತಿ. ಇಷ್ಟ ಲಗೂ ಹೆಂಗ ಬಂತು?"

"ಅತ್ತಿ ಬರ್ತಾರಂತ ನೀ ಹೇಳಿದ ದಿನಾನ ಹಾಕಿದ್ದೆ ತಂಗಿ" ಎಂದರು ಚನ್ನಕ್ಕಾರು, ಒಗ್ಗರಣೆಗೆ ಸಾಸಿವೆ ಹಾಕುತ್ತ. "ನಿನ್ನ ಬಾಯಿ ನೋಡಿದ್ನೆಲ್ಲ."

ಸರದಿ ತಡವಾಗಿ ಬರುವುದು ಅವರ ಕೆಲಸಕ್ಕೆ ದೊಡ್ಡ ಅಡ್ಡಿಯಾಗಿತ್ತು. ಆದ್ದರಿಂದ ಮುಂದೆ ಯಾರು ಜಗಳ ಆಡಬಹುದು ಎಂದು ಲೆಕ್ಕ ಹಾಕಿ ಮೊದಲೇ ಕಾರ್ಡು ಹಾಕುತ್ತಿದ್ದರು. ಓಣಿಯಲ್ಲಿ ಮದುವೆಯಾದರೆ ಅಕ್ಷತೆ ಬಿದ್ದ ವಾರದಲ್ಲೇ ಗಂಡ ಹೆಂಡತಿಯ ಹೆಸರಿನ ಕಾರ್ಡು ಹೋಗುತ್ತಿತ್ತು. ಇದರಲ್ಲಿ ಒಂದು ತೊಂದರೆಯೂ ಆಯಿತು. ಗುಟ್ಟು ಮೆಲ್ಲಗೆ ಹೊರಬಿದ್ದ ಮೇಲೆ, ಚೆನ್ನಾಗಿದ್ದ ಇಬ್ಬರ ಹೆಸರು ಒಟ್ಟಿಗೆ ಬಂದರೆ ಸಾಕು, ಓಣಿಯವರು ಅವರನ್ನು ವಾರೆನೋಟದಿಂದ ನೋಡತೊಡಗಿದರು. ನಳದ ಹತ್ತಿರ ಅಕ್ಕಪಕ್ಕ ಕೊಡ ಇಡುತ್ತಿದ್ದ ಇಬ್ಬರು ಗೆಳತಿಯರು, 'ನಿನ್ನ ಬಗ್ಗೆ ನಾನೇನೂ ಅಂದಿಲ್ಲ', 'ಹಂಗಾದ್ರ ನಾ ಅಂದೀನೇನು?' ಎಂದು ಶುರುಮಾಡಿ ನಿಜವಾಗಿಯೇ ಜಗಳ ಆಡಿದರು. ಚನ್ನಕ್ಕಾರು ಅವರಿಗಾಗಿ ಇನ್ನೊಂದು ಕಾರ್ಡು ಹಾಕಬೇಕಾಯಿತು.

ಇಂಥ ಚನ್ನಕ್ಕಾರ ಸ್ವಂತದ ಜಗಳ ಮಾತ್ರ ಬಗೆಹರಿಯದೆ ಉಳಿದಿತ್ತು. ಅದು ಆದದ್ದೂ ರೇಡಿಯೊದಿಂದಲೇ, ಶುರುವಾದದ್ದು ನನ್ನ ಕಣ್ಣೆದುರಿಗೇ.

ಅವರ ತವರು ಧಾರವಾಡದ ಆಚೆಯ ಮುಗದ. ಅಲ್ಲಿ ಅವರ ಒಬ್ಬನೇ ಅಣ್ಣ ಬಸಣ್ಣ, ಭತ್ತದ ಗದ್ದೆಯ ರೈತ. ಬಸಣ್ಣನ ಮಗಳ ಮದುವೆ ಗೊತ್ತಾಯಿತು. ಮದುಮಗಳಿಗೆ ಮೊದಲ ಅರಿಶಿನ ಹಚ್ಚುವುದು ಸೋದರತ್ತೆಯ ಹಕ್ಕು, ಅಂದರೆ ಚನ್ನಕ್ಕಾರದು. ಈರಪ್ಪನವರು ಹಿಂದಿನ ದಿನವೇ ಹೋಗಿದ್ದರು. ಚನ್ನಕ್ಕಾರು ಮುಂಜಾನೆಯೇ ರೇಷ್ಮೆ ಸೀರೆ ಉಟ್ಟು, ತಲೆಗೆ ಹೂ ಮುಡಿದು, ರೇಡಿಯೊದ ಮುಂದೆ ಕುಳಿತರು. ಮುಂದಾಗಬಹುದಾದ ಜಗಳಕ್ಕೆ ಈಗಲೇ ಔಷಧವಾಗಲಿ ಎಂದು ಎರಡೂ ಕಡೆಯ ಬೀಗರ ಹೆಸರು ಸೇರಿಸಿ ಕಾರ್ಡು ಹಾಕಿದ್ದರು. ಅರಿಶಿನದ ದಿನವೇ ಓದಬೇಕೆಂದು ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದಿದ್ದರು.

"ಅಕ್ಕಾರ, ಹೊತ್ತಾತು, ಹೋಗ್ರಿ. ಅಲ್ಲೇ ಕೇಳಬಹುದಲ್ಲ" ಎಂದೆ.

"ಬಸ್ಸಿನ್ಯಾಗ ಇದ್ದಾಗ ಬಂದುಬಿಟ್ರ? ಕೇಳೇ ಹೋಗ್ತೇನಿ" ಎಂದರು.

ಹೆಸರು ಬಂದದ್ದು ಕೊನೆಯ ಹಾಡಿಗೆ. ಬೀಗರ ಹೆಸರು ಮುಗಿಯುತ್ತಲೇ ಚನ್ನಕ್ಕಾರು ಓಡಿದರು. ಮುಗದದ ಮನೆಯಲ್ಲಿ ಚಪ್ಪರದ ಮೇಲೆ ಧ್ವನಿವರ್ಧಕ ಕಿರುಚುತ್ತಿದ್ದುದರಿಂದ ಹೆಸರುಗಳನ್ನು ಅಲ್ಲಿ ಒಬ್ಬರೂ ಕೇಳಿರಲಿಲ್ಲ. ಇವರು ಬರುವಷ್ಟರಲ್ಲಿ ಹುಡುಗಿಯ ಮುಖ ಹಳದಿಯಾಗಿತ್ತು. ಕಾದು ಕಾದು ಬಸಣ್ಣ ತನ್ನ ಹೆಂಡತಿ ಕಲ್ಲವ್ವನ ತಂಗಿಯ ಕೈಯಿಂದ ಅರಿಶಿನ ಹಚ್ಚಿಸಿದ್ದ. ರೇಡಿಯೊದಿಂದ ತಡವಾಯಿತೆಂದು ತಿಳಿದು, "ಅಣ್ಣನ ಮನಿಗಿಂತ ನಿನಗ ಆ ಡಬ್ಬಿ ದೊಡ್ಡದಾತು. ಆ ಡಬ್ಬೀಗೇ ಹಚ್ಚು ಹೋಗು ಅರಿಶಿಣಾ" ಎಂದು ನೆಂಟರ ಮುಂದೆ ಅಂದ. ಚನ್ನಕ್ಕಾರು ಉಣ್ಣದೆ ತಿರುಗಿ ಬಂದರು. ಬಸಣ್ಣ ತನ್ನ ಮನೆಯ ರೇಡಿಯೊವನ್ನು ಯಾರಿಗೋ ಕೊಟ್ಟು, ಇನ್ನು ಈ ಮನೆಯೊಳಗೆ ರೇಡಿಯೊ ಕಾಲಿಡಬಾರದು ಎಂದು ದೇವರ ಮುಂದೆ ಆಣೆ ಮಾಡಿದ.

ಅದಾದ ಮೇಲೆ ನಾಗರಪಂಚಮಿಗೆ ಅವರನ್ನು ಕರೆಯಲು ಯಾರೂ ಬರಲಿಲ್ಲ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದರೆ ತಾನೆ ತವರಿಗೆ ಹೋಗುವುದು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಚೀಲ ಹಿಡಿದು ಹೊರಡುತ್ತಿದ್ದರು. ಚನ್ನಕ್ಕಾರು ಬಾಗಿಲಲ್ಲಿ ನಿಂತು ಎಲ್ಲರಿಗೂ ಹೋಗಿಬರ್ರಿ ಎನ್ನುತ್ತಿದ್ದರು. ನೀವು ಹೋಗುವುದಿಲ್ಲವೇ ಎಂದರೆ, "ನನಗೆಲ್ಲೈತಿ ಪುರಸೊತ್ತು? ಮನೀ ಯಾರು ನೋಡ್ಕೋಬೇಕು?" ಎನ್ನುತ್ತಿದ್ದರು. ಆದರೂ ಪ್ರತಿ ವರ್ಷ ಎಳ್ಳುಂಡಿ, ಶೇಂಗಾ ಉಂಡಿ ಕಟ್ಟಿ ಒಂದು ಡಬ್ಬಿಯನ್ನು ಬೇರೆ ತೆಗೆದಿಡುತ್ತಿದ್ದರು. ಹಬ್ಬ ಮುಗಿದ ಮೇಲೆ ಆ ಡಬ್ಬಿ ನಮ್ಮ ಮನೆಗೆ ಬರುತ್ತಿತ್ತು.

"ಅಣ್ಣಾರಿಗೆ ಒಂದು ಕಾರ್ಡು ಹಾಕ್ರೆಲ್ಲ, ಓಣಿಗೆಲ್ಲಾ ಹಾಕ್ತೀರಿ" ಎಂದು ಒಮ್ಮೆ ಹೇಳಿದೆ.

"ಕೇಳಾಕ ಅವನ ಮನ್ಯಾಗ ರೇಡಿಯೊ ಎಲ್ಲೈತಿ?" ಎಂದರು. "ಅವನ ಬಾಜೂ ಮನ್ಯಾಗ ಫೋನ್ ಬಂದೈತಿ, ಮಾಡಿದ್ದೆ. ಅವನೇ ಬಂದು ಎತ್ತಿದ. ನನ್ನ ದನಿ ಕೇಳಿ, 'ಬಸಣ್ಣ ಹೊಲಕ್ಕ ಹೋಗ್ಯಾನ' ಅಂದು ಇಟ್ಟ. ಸ್ವಂತ ಅಣ್ಣನ ದನಿ ನನಗ ತಿಳಿಯಂಗಿಲ್ಲೇನು?"

ಇಷ್ಟರಲ್ಲಿ ಟಿ.ವಿ. ಬಂತು, ಕೇಬಲ್ಲೂ ಬಂತು. ಓಣಿಯ ರೇಡಿಯೊಗಳು ಅಟ್ಟ ಹತ್ತಿದವು. ಒಂದು ಮಧ್ಯಾಹ್ನ ಕಾಂಪೌಂಡ್ ಗೋಡೆಗಾಗಿ ಮಾತು ಬಿಟ್ಟಿದ್ದ ಇಬ್ಬರ ಹೆಸರನ್ನು ರೇಡಿಯೊದಲ್ಲಿ ಓದಿದರು. ಚನ್ನಕ್ಕಾರು ಹೊರಗೆ ಬಂದು ಎರಡೂ ಬಾಗಿಲು ನೋಡುತ್ತ ನಿಂತರು. ಒಂದು ಮನೆಯಲ್ಲಿ ಧಾರಾವಾಹಿ ನಡೆದಿತ್ತು, ಇನ್ನೊಂದರಲ್ಲಿ ಕ್ರಿಕೆಟ್. ಯಾರೂ ಕೇಳಿರಲಿಲ್ಲ. "ಓದಿದ್ದು ಯಾರ ಸಲುವಾಗಿ ಆತು ತಂಗಿ?" ಎಂದು ನನ್ನನ್ನು ಕೇಳಿದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಆವರೆಗೆ ಕೇಳಿರಲಿಲ್ಲ.

ಆಮೇಲೆ ಕೈಗೊಂದು ಮೊಬೈಲು ಬರುವ ಕಾಲ ಬಂತು. ನನ್ನವರು ಕೊಳ್ಳಲು ಹುಬ್ಬಳ್ಳಿಯ ದುರ್ಗದಬೈಲಿನ ಪೇಟೆಗೆ ಹೊರಟರೆ ಚನ್ನಕ್ಕಾರೂ ಜೊತೆಗೆ ಬಂದರು. ಅಂಗಡಿಯ ರಜಾಕ್ ಎರಡು ಫೋನು ತೆಗೆದಿಟ್ಟು, "ಇದರಾಗ ಎಫ್‌ಎಂ ಐತ್ರಿ, ಇದರಾಗ ಇಲ್ರಿ" ಎಂದ. ಎಫ್‌ಎಂ ಎಂದರೆ ರೇಡಿಯೊ ಎಂದು ಬಿಡಿಸಿ ಹೇಳಿದ. ಚನ್ನಕ್ಕಾರು ಸ್ಟೂಲು ಎಳೆದುಕೊಂಡು ಕುಳಿತೇಬಿಟ್ಟರು. ಅಷ್ಟು ಹೊತ್ತಿಗೆ ನನ್ನವರು ಬೇಡದ ಮಾತು ಆಡಿದರು.

"ಫೋನು ಇರೂದು ಮಾತಾಡಾಕ್ರಿ ಅಕ್ಕಾರ. ಅದರಾಗ ರೇಡಿಯೊ ಯಾಕ ಬೇಕು? ನಾಳೆ ಇದರಾಗ ಚಟ್ನಿ ರುಬ್ಬಾಕ ಬರತೈತೇನು ಅಂತ ಕೇಳ್ತೀರಿ."

"ಮಾತಾಡವರ ಜೋಡಿ ಮಾತಾಡಾಕ ಫೋನ್ ಐತಿ. ಖರೇ" ಎಂದರು ಚನ್ನಕ್ಕಾರು. "ಮಾತು ಬಿಟ್ಟವರ ಜೋಡಿ ಹೆಂಗ ಮಾತಾಡ್ತೀರಿ? ಫೋನ್ ಮಾಡಿದ್ರ ಎತ್ತಬೇಕಲ್ಲ ಅವರು? ಹೆಸರು ನೋಡಿ ಕಟ್ ಮಾಡ್ತಾರ. ರೇಡಿಯೊಕ್ಕ ಎತ್ತೂದಿಲ್ಲ, ಕಟ್ ಮಾಡೂದಿಲ್ಲ. ಅಡಗಿ ಮಾಡಾಕತ್ತಾಗ ಬಂದು ಕಿವ್ಯಾಗ ಕುಂಡ್ರತೈತಿ. ಸರಕಾರದವರು ಎಲ್ಲಾ ಫೋನಿನ್ಯಾಗೂ ರೇಡಿಯೊ ಇರಬೇಕಂತ ಕಾಯ್ದೆ ಮಾಡ್ಬೇಕ್ರಿ."

"ಅಕ್ಕಾರು ಹೇಳೂದು ಬರೋಬ್ಬರಿ ಐತಿ" ಎಂದ ರಜಾಕ್. ಎಫ್‌ಎಂ ಇರುವ ಫೋನಿಗೆ ದರ ಜಾಸ್ತಿ ಇದ್ದುದರಿಂದ ಅವನಿಗೆ ತಕ್ಷಣ ಒಪ್ಪಿಗೆಯಾಗಿತ್ತು. ನನ್ನವರು ರೇಡಿಯೊ ಇದ್ದದ್ದನ್ನೇ ತಂದರು. ನನಗೂ ಒಂದು ಕೊಡಿಸಬೇಕಾಯಿತು.

ಮುಂದಿನ ಕೆಲವು ತಿಂಗಳು ಚನ್ನಕ್ಕಾರು ಮನೆ ಮನೆ ತಿರುಗಿದರು. ಯಾರು ಫೋನು ಕೊಳ್ಳಲು ಹೊರಟರೂ ಅಡ್ಡ ನಿಂತು, "ಹಾಡೂದ ತೊಗೋರಿ" ಎನ್ನುತ್ತಿದ್ದರು. ಓಣಿಯ ಜನ ಕಿವಿಯಲ್ಲಿ ವೈರು ಸಿಕ್ಕಿಸಿಕೊಂಡು ಓಡಾಡತೊಡಗಿದರು. ಚನ್ನಕ್ಕಾರು ಹೊಸ ಹುರುಪಿನಿಂದ ಕಾಂಪೌಂಡ್ ಗೋಡೆಯವರ ಹೆಸರಿನ ಕಾರ್ಡು ಮತ್ತೆ ಹಾಕಿದರು. ಅದನ್ನು ಓದಿದ ದಿನ ಚನ್ನಕ್ಕಾರ ಮನೆಯ ದೊಡ್ಡ ರೇಡಿಯೊದಲ್ಲಿ ಸ್ಪಷ್ಟವಾಗಿ ಬಂತು. ಓಣಿಯ ಯಾವ ಫೋನಿನಲ್ಲೂ ಬರಲಿಲ್ಲ.

ಚನ್ನಕ್ಕಾರು ಮರುದಿನವೇ ಬಸ್ಸು ಹತ್ತಿ ರಜಾಕ್‌ನ ಅಂಗಡಿಗೆ ಹೋದರು. ಅವನು ಸಮಾಧಾನದಿಂದ ಹೇಳಿದ: "ಅಕ್ಕಾರ, ಧಾರವಾಡದಾಗ ಸ್ಟೇಶನ್ ಎರಡ ಅದಾವ್ರಿ. ನೀವು ಕಾರ್ಡು ಹಾಕೂದು ಹಳೇ ಸ್ಟೇಶನ್ನಿಗೆ. ಅದು ದೊಡ್ಡ ರೇಡಿಯೊದಾಗ ಅಷ್ಟ ಬರತೈತಿ. ಫೋನಿನ್ಯಾಗ ಬರೂದು ಎಫ್‌ಎಂದು."

"ಅಂದ್ರ ಇಡೀ ಓಣಿಗೆ ಅರ್ಧಾ ರೇಡಿಯೊ ಮಾರೀದಿ ನೀ" ಎಂದರು ಚನ್ನಕ್ಕಾರು. ರಜಾಕ್ ಚಹಾ ತರಿಸಿದ. ಚಹಾ ಕುಡಿಯುತ್ತ ಅವನು, ಎಫ್‌ಎಂ ಸ್ಟೇಶನ್ನಿನಲ್ಲೂ ಕೋರಿಕೆ ಹಾಡು ಇವೆ, ಅಲ್ಲಿಗೆ ಕಾರ್ಡು ಬೇಕಿಲ್ಲ, ಫೋನು ಮಾಡಿ ಮಾತಾಡಿದರೆ ಅದೇ ಮಾತು ರೇಡಿಯೊದಲ್ಲಿ ಬರುತ್ತದೆ ಎಂದ. ಚನ್ನಕ್ಕಾರಿಗೆ ಇದು ಸೇರಲಿಲ್ಲ. ದನಿ ಕೇಳಿದರೆ ಕಳಿಸಿದವರು ಯಾರೆಂದು ತಿಳಿದುಬಿಡುತ್ತದಲ್ಲ. ಯಾರು ಮೊದಲು ಬಾಗಿದರೆಂದು ತಿಳಿಯಬಾರದು ಎಂಬುದೇ ಅವರ ಇಡೀ ವಿದ್ಯೆಯಾಗಿತ್ತು.

ಅಂಥ ಹೊತ್ತಿನಲ್ಲಿ ಒಂದು ಸುದ್ದಿ ಸಿಕ್ಕಿತು. ಕಲ್ಲವ್ವನೂ ಚನ್ನಕ್ಕಾರೂ ಧಾರವಾಡದ ಸಂತೆಯಲ್ಲಿ ಬಸಣ್ಣನಿಗೆ ತಿಳಿಯದಂತೆ ಆಗಾಗ ಭೇಟಿಯಾಗುತ್ತಿದ್ದರು. ನಾದಿನಿಯ ಮೇಲೆ ಕಲ್ಲವ್ವನಿಗೆ ಸಿಟ್ಟೇನೂ ಇರಲಿಲ್ಲ. ಬಸಣ್ಣನಿಗೆ ಭತ್ತದ ಧಾರಣೆ ಕೇಳಲು ಮೊಬೈಲು ಬೇಕಾಗಿದೆ, ದುರ್ಗದಬೈಲಿಗೆ ಬರುತ್ತಾನೆ ಎಂದು ಅವಳು ಹೇಳಿದಳು. ಅವನನ್ನು ರಜಾಕನ ಕಡೆಗೇ ಕಳಿಸು ಎಂದು ಹೇಳಿ ಚನ್ನಕ್ಕಾರು ಸಂತೆಯ ಚೀಲದ ಸಮೇತ ಸೀದಾ ರಜಾಕ್‌ನ ಅಂಗಡಿಗೆ ಹೋದರು.

"ಕೆಂಪು ರುಮಾಲು ಸುತ್ತಿದ ಮನಷಾ ಬರ್ತಾನ. ಏನ ತೋರಿಸಿದ್ರೂ 'ಇದೇನ ಗಟ್ಟಿ ಅಲ್ಲ' ಅಂತಾನ. ಅವಗ ಹಾಡೂದ ಕೊಡು. ಆದ್ರ ಹಾಡತೈತಿ ಅಂತ ಹೇಳಬ್ಯಾಡ."

ಬಸಣ್ಣ ಬಂದದ್ದನ್ನು ರಜಾಕ್ ಆಮೇಲೆ ನಮಗೆಲ್ಲ ಅಭಿನಯಿಸಿ ತೋರಿಸಿದ. ಫೋನು ಕೈಯಲ್ಲಿ ತೂಗಿ ನೋಡಿ, "ಇದೇನ ಗಟ್ಟಿ ಅಲ್ಲ" ಎಂದನಂತೆ. ಇದರಲ್ಲಿ ಬ್ಯಾಟರಿ ಬೆಳಕು ಇದೆ, ಗದ್ದೆಗೆ ನೀರು ಬಿಡಲು ಅನುಕೂಲ ಎಂದು ರಜಾಕ್ ಹೇಳಿದ. ಬೆಳಕನ್ನು ಅಂಗಡಿಯ ಮೂಲೆ ಮೂಲೆಗೆ ಬಿಟ್ಟು ನೋಡಿದ ಮೇಲೆ ಬಸಣ್ಣನಿಗೆ ಸಮಾಧಾನವಾಯಿತು. ಡಬ್ಬಿಯಲ್ಲಿದ್ದ ವೈರನ್ನು ಎತ್ತಿ, ಇದೇನು ಎಂದ. ರಜಾಕ್ ಅದನ್ನು ಫೋನಿಗೆ ಸಿಕ್ಕಿಸಿ, ರುಮಾಲು ಸರಿಸಿ, ಕಿವಿಗೆ ಇಟ್ಟ. ಬಸಣ್ಣ ಬಹಳ ಹೊತ್ತು ಅಲುಗಾಡಲಿಲ್ಲವಂತೆ. ಆಮೇಲೆ ಅನುಮಾನದಿಂದ, "ಇದು ರೇಡಿಯೊ ಏನು?" ಎಂದು ಕೇಳಿದನಂತೆ.

"ಅಲ್ರಿ ಗೌಡ್ರ, ಫೋನು. ಡಬ್ಬಿ ಮ್ಯಾಲ ಬರದೈತಿ ನೋಡ್ರಿ" ಎಂದ ರಜಾಕ್.

ಹೀಗೆ ಆಣೆಯೂ ಮುರಿಯಲಿಲ್ಲ, ಮುಗದದ ಮನೆಯೊಳಗೆ ರೇಡಿಯೊವೂ ಹೋಯಿತು. ಕಲ್ಲವ್ವ ಮುಂದಿನ ಸಂತೆಯಲ್ಲಿ ವರದಿ ಒಪ್ಪಿಸಿದಳು: "ಏನ ಹೇಳ್ಲಿ ಚನ್ನಕ್ಕ, ಉಣ್ಣಾಕ ಕುಂತ್ರೂ ಕಿವ್ಯಾಗ ಅದು. ಇದೇನು ಅಂದ್ರ ಧಾರಣಿ ಕೇಳಾಕತ್ತೇನಿ ಅಂತಾನ. ಧಾರಣಿ ಕೇಳಿ ಯಾರರ ತಲಿ ಅಲ್ಲಾಡಸ್ತಾರೇನು?"

ಈಗ ಉಳಿದದ್ದು ಚನ್ನಕ್ಕಾರು ಒಂದು ಫೋನು ಮಾಡುವುದು. ಅದಕ್ಕೆ ಅವರು ಶ್ರಾವಣದ ತನಕ ತೆಗೆದುಕೊಂಡರು. ಪಂಚಮಿ ಎದುರಿಗೆ ಬಂದಾಗ ಒಂದು ಮಧ್ಯಾಹ್ನ ನನ್ನನ್ನು ಕರೆದು, "ನೀ ಒಳಗ ಕುಂತು ನಿನ್ನ ಫೋನಿನ್ಯಾಗ ರೇಡಿಯೊ ಕೇಳು, ನಾ ಹೊರಗ ಮಾತಾಡ್ತೇನಿ. ಹೆಸರಷ್ಟ ಹೇಳಿ ಇಟ್ಟುಬಿಡ್ತೇನಿ" ಎಂದರು. ಲೈನು ಸಿಗಲೊಲ್ಲದು. ಈರಪ್ಪನವರು ಪೇಪರು ಮಡಿಸಿಟ್ಟು, ಮತ್ತೆ ಮತ್ತೆ ನಂಬರು ಒತ್ತಿದರು. ಸಿಕ್ಕ ಕೂಡಲೇ ಹೆಂಡತಿಯ ಕೈಗೆ ಫೋನಿಟ್ಟು ದೂರ ಸರಿದರು.

ನನ್ನ ಕಿವಿಯಲ್ಲಿ ರೇಡಿಯೊದ ಹುಡುಗಿ ಕೇಳಿದಳು: "ನಮಸ್ಕಾರ, ಯಾರು ಮಾತಾಡುತ್ತಿದ್ದೀರಿ?"

"ನವನಗರದಿಂದ ಚನ್ನಕ್ಕ ಮಾತಾಡಾಕತ್ತೇನ್ರಿ."

"ಏನು ಮಾಡುತ್ತಿದ್ದೀರಿ ಚನ್ನಕ್ಕ?"

"ಪಂಚಮಿ ಉಂಡಿ ಕಟ್ಟಾಕತ್ತೇನ್ರಿ."

"ಓಹೋ, ನಮಗೂ ಕಳಿಸಿ. ಈ ಹಾಡು ಯಾರಿಗಾಗಿ?"

"ಮುಗದದಾಗ ನಮ್ಮ ಅಣ್ಣ ಅದಾನ್ರಿ, ಬಸಣ್ಣ. ಅವಗ."

ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸುಸೂತ್ರವಾಗಿತ್ತು. ಆ ಹುಡುಗಿ ಅಕ್ಕರೆಯಿಂದ, "ಹಬ್ಬದ ಸಂದರ್ಭದಲ್ಲಿ ಅಣ್ಣನಿಗೆ ಏನು ಹೇಳಲು ಬಯಸುತ್ತೀರಿ?" ಎಂದು ಕೇಳಿಬಿಟ್ಟಳು.

"ಅಣ್ಣಾ, ಕೇಳಾಕತ್ತೀಯಿಲ್ಲ? ಕಿವ್ಯಾಗಿಂದ ವೈರ್ ತಗೀಬ್ಯಾಡ ಮತ್ತ. ಅವತ್ತು ನಾ ತಡಾ ಮಾಡಿ ಬಂದೆ. ತಪ್ಪು ನಂದ. ಆದ್ರ ಹುಡುಗಿಗೆ ಸೋದರತ್ತಿ ಅಂತ ಇರಾಕಿ ನಾ ಒಬ್ಬಾಕಿ. ಒಂದೀಟು ಕಾಯಾಕ ಆಗಲಿಲ್ಲ ನಿನಗ? ಎಲ್ಲಾರ ಮುಂದ ಅಂದಿ. ಅನ್ನು, ಅಣ್ಣ ಅದೀ. ಆದ್ರ ಪಂಚಮಿಗೆ ಕರೀಲಿಲ್ಲಲ್ಲೊ. ಪುರಸೊತ್ತಿಲ್ಲ ಪುರಸೊತ್ತಿಲ್ಲ ಅಂತ ಓಣಿ ತುಂಬ ಸುಳ್ಳ ಹೇಳ್ಕೋತ ಅದೀನಿ. ಪುರಸೊತ್ತಿಗೇನಾಗೈತಿ? ವರ್ಷಾ ಉಂಡಿ ಕಟ್ಟಿಟ್ಟು ಗೇಟ್ ಕಡೆ ನೋಡ್ಕೋತ ಕುಂಡ್ರತೇನಿ. ನನಗ ತವರಮನಿ ಅಂತ ಇರೂದು ನೀ ಒಬ್ಬವನ."

ರೇಡಿಯೊದ ಹುಡುಗಿ ತತ್ತರಿಸಿ, "ತುಂಬಾ ಒಳ್ಳೆಯದು ಚನ್ನಕ್ಕ, ಯಾವ ಹಾಡು ಹಾಕೋಣ?" ಎಂದಳು.

"ಯಾವುದರ ಹಚ್ಚವಾ. ಅವಗ ಹಾಡು ತಿಳಿಯಂಗಿಲ್ಲ."

ಆ ಹುಡುಗಿ ಗಾಬರಿಯಲ್ಲಿ ಕೈಗೆ ಸಿಕ್ಕ ಕುಣಿತದ ಹಾಡೊಂದನ್ನು ಹಾಕಿದಳು. ನಾನು ಕಣ್ಣೊರೆಸಿಕೊಂಡು ಹೊರಗೆ ಬಂದರೆ ಚನ್ನಕ್ಕಾರು ಉಂಡಿಯ ಪರಾತದ ಮುಂದೆ ತಲೆಗೆ ಕೈಹಚ್ಚಿ ಕುಳಿತಿದ್ದರು. "ಕಾರ್ಡ ಛಲೋ ಇತ್ತು ತಂಗಿ. ಹೆಸರಷ್ಟ ಓದತಿದ್ರು. ಈಗ ನೋಡು, ಎಲ್ಲಾ ಬಾಯಿಬಿಟ್ಟು ನಾನ ಸೋತೆ." ಓಣಿಯಲ್ಲಿ ಒಂದೊಂದೇ ಬಾಗಿಲು ತೆರೆಯಿತು. ಎಲ್ಲರ ಕೈಯಲ್ಲೂ ಚನ್ನಕ್ಕಾರೇ ಕೊಳ್ಳಲು ಹಚ್ಚಿದ ಫೋನುಗಳು. ಎಲ್ಲರೂ ಕೇಳಿದ್ದರು. ಕಾಂಪೌಂಡ್ ಗೋಡೆಯ ಎರಡೂ ಮನೆಯ ಹೆಂಗಸರು ಬಂದು, ಅವರ ಎಡಬಲಕ್ಕೆ ಕುಳಿತು, ಉಂಡಿ ಕಟ್ಟತೊಡಗಿದರು.

ಅಂದು ಸಂಜೆ ಯಾರೂ ಬರಲಿಲ್ಲ. ಮರುದಿನವೂ ಬರಲಿಲ್ಲ. ಚನ್ನಕ್ಕಾರು ನಮ್ಮ ಮನೆಯ ಕಡೆಗೂ ಸುಳಿಯಲಿಲ್ಲ. ಅಷ್ಟರಲ್ಲಿ ನನ್ನವರಿಗೆ ಬೆಳಗಾವಿಗೆ ವರ್ಗವಾದ ಆದೇಶ ಬಂದು, ನಾನು ಪಾತ್ರೆಪಗಡೆ ಕಟ್ಟುವ ಗಡಿಬಿಡಿಯಲ್ಲಿದ್ದೆ. ಹಬ್ಬದ ಮೊದಲ ದಿನವಾದ ರೊಟ್ಟಿ ಪಂಚಮಿಯ ಮುಂಜಾನೆ ಗೇಟಿನ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಎದುರು ಮನೆಯ ಮುಂದೆ ಕೆಂಪು ರುಮಾಲು ನಿಂತಿತ್ತು. ಕೈಯಲ್ಲಿ ಹಸಿರು ಸೀರೆಯ ಗಂಟು, ಕಿವಿಯಿಂದ ಇಳಿಬಿದ್ದ ವೈರು.

ಬಾಗಿಲು ತೆರೆದ ಚನ್ನಕ್ಕಾರಿಗೆ ಬಸಣ್ಣ ಹೇಳಿದ ಮೊದಲ ಮಾತು: "ಇಡೀ ಜಿಲ್ಲಾ ಮುಂದ ಬೈಯಬಾರದಿತ್ತು ನೀ."

"ಮನ್ಯಾಗ ಬೈಯಾಕ ನೀ ಎಲ್ಲಿ ಸಿಗ್ತೀ?"

ಬಸಣ್ಣ ಸೀರೆಯ ಗಂಟನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ನಡಿ. ಕಲ್ಲವ್ವ ವೈನಿ ಹಾದಿ ಕಾಯಾಕತ್ತಾಳ" ಎಂದ.

"ಕುಂಡ್ರು, ಚೀಲಾ ತುಂಬಕೋಬೇಕು" ಎಂದು ಚನ್ನಕ್ಕಾರು ಒಳಗೆ ಹೋದರು. ನಾನು ಹಿತ್ತಲ ಬಾಗಿಲಿನಿಂದ ಹೋಗಿ ನೋಡಿದರೆ, ಚೀಲ ತುಂಬಿ, ಗಂಟು ಕಟ್ಟಿ, ಒಲೆಯ ಪಕ್ಕದಲ್ಲಿ ತಯಾರಾಗಿತ್ತು. ಉಂಡಿಯ ಡಬ್ಬಿ ಅದರ ಮೇಲಿತ್ತು. ಚನ್ನಕ್ಕಾರು ಮಣೆಯ ಮೇಲೆ ಸುಮ್ಮನೆ ಕುಳಿತಿದ್ದರು.

"ಅಕ್ಕಾರ, ಚೀಲ ತುಂಬೇ ಐತೆಲ್ಲ. ಅಣ್ಣಾರು ಕುಂತಾರ, ಹೋಗ್ರಿ."

"ಕಾಯಲಿ" ಎಂದರು. "ಅವತ್ತು ಕಾಯಲಿಲ್ಲ. ಇವತ್ತು ಕಾಯಲಿ." ಹೇಳುತ್ತಲೇ ಅವರಿಗೆ ನಗು ಬಂತು. ನಗುತ್ತಿದ್ದಂತೆ ಅಳುವೂ ಬಂತು. ನನಗೂ ತಡೆಯಲಾಗಲಿಲ್ಲ, ಅವರ ಪಕ್ಕದಲ್ಲೇ ಕುಳಿತು ಅತ್ತುಬಿಟ್ಟೆ. ಹೊರಗೆ ಬಸಣ್ಣ ಈರಪ್ಪನವರ ಜೊತೆ ಕುಳಿತು, ಎರಡು ಸಲ ಚಹಾ ಕುಡಿದು, ಒಮ್ಮೆಯೂ 'ಲಗೂ ಬಾ' ಎನ್ನದೆ ಕಾದ.

ಆಮೇಲೆ ಹೊರಟರು. ಈರಪ್ಪನವರು ಮನೆಗೆ ಬೀಗ ಹಾಕಿ ಹಿಂದೆ, ತಂಗಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡ ಬಸಣ್ಣ ಮುಂದೆ, ನಡುವೆ ಚನ್ನಕ್ಕಾರು. ಗೇಟು ದಾಟುವ ಮೊದಲೇ ಅವರ ಬಾಯಿ ಶುರುವಾಗಿತ್ತು. ಅಷ್ಟು ವರ್ಷದ ಓಣಿಯ ಸುದ್ದಿಯೆಲ್ಲ ಅಣ್ಣನಿಗೆ ಒಪ್ಪಿಸಬೇಕಿತ್ತಲ್ಲ. ನನ್ನ ಕಡೆ ನೋಡಿ ಕೈಬೀಸಿದರು. ನಿಂತು ಮಾತಾಡಲು ಅಂದು ಅವರಿಗೆ ನಿಜವಾಗಿಯೂ ಪುರಸೊತ್ತಿರಲಿಲ್ಲ. ಅವರು ತವರಿನಿಂದ ತಿರುಗಿ ಬರುವಷ್ಟರಲ್ಲಿ ನಾವು ಬೆಳಗಾವಿ ಸೇರಿದ್ದೆವು. ಹೋಗಿ ಕಾಣಬೇಕು ಕಾಣಬೇಕು ಎನ್ನುತ್ತಲೇ ಕೆಲವು ವರ್ಷ ಕಳೆದವು, ಒಂದು ದಿನ ಅವರಿಲ್ಲ ಎಂಬ ಸುದ್ದಿ ಬಂತು. ಹಾಗಾಗಿ ನನಗೆ ಉಳಿದಿರುವುದು ಆ ಮುಂಜಾನೆ ಓಣಿಯ ತಿರುವಿನಲ್ಲಿ ಕಂಡದ್ದೇ. ಮಾತಾಡುತ್ತ ಹೊರಟಿದ್ದ ಚನ್ನಕ್ಕಾರು ತಟ್ಟನೆ ನಿಂತು, ಅಣ್ಣನ ಕಿವಿಯ ವೈರನ್ನು ಕೈಹಾಕಿ ಎಳೆದರು. ಅವರ ದನಿ ನನ್ನ ಕಿಟಕಿಯ ತನಕ ಕೇಳಿಸಿತು.

"ತಗದಿಡು ಅದನ್ನ. ಈಗ ನಾನ ಮಾತಾಡಾಕತ್ತೇನಲ್ಲ."

ಬಸಣ್ಣ ವೈರನ್ನು ಸುತ್ತಿ ಅಂಗಿಯ ಕಿಸೆಗೆ ಹಾಕಿಕೊಂಡು, ತಂಗಿಯ ಪಕ್ಕಕ್ಕೆ ಬಂದು ನಡೆದ.